ಹಿಮದ ಗುರುತಿರುವ ಟೈರು ನಮ್ಮ ಮಳೆಗಾಲಕ್ಕೆ ಆದೀತೇ?

ನೀರ್ಚಾಲು ಮಾಷ್ಟ್ರು (ಮೇ 9)

ಎಲ್ಲರಿಗೂ ನಮಸ್ಕಾರ. ಟೈರಿನ ವಿಷಯದಲ್ಲಿ ನನಗೆ ಒಂದು ನಿರ್ಧಾರಕ್ಕೆ ಬರಲಾಗುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು. ನನ್ನದು ಎಂಟು ವರ್ಷ ಹಳೆಯ ಕಾರು, ಟೈರಿನ ಅಳತೆ 185/65 ಆರ್ 15. ಪತ್ನಿಯ ಚಿಕಿತ್ಸೆಗಾಗಿ ವಾರಕ್ಕೆರಡು ಸಲ ನೀರ್ಚಾಲಿನಿಂದ ಸೀತಾಂಗೋಳಿ, ಕುಂಬಳೆ ಮಾರ್ಗವಾಗಿ ಮಂಗಳೂರಿಗೆ ಹೋಗಿಬರಬೇಕಾಗಿದೆ, ಜೋರು ಮಳೆಯೆಂದು ಒಂದು ದಿನವೂ ತಪ್ಪಿಸುವಂತಿಲ್ಲ. ಕಳೆದ ವರ್ಷ ಆಟಿ ತಿಂಗಳಲ್ಲಿ ಉಪ್ಪಳ ದಾಟಿದ ಮೇಲೆ, ಆರು ಪಥದ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾಗ, ನಿಂತ ನೀರಿಗೆ ಕಾರು ನುಗ್ಗಿದೊಡನೆ ಸ್ಟೀರಿಂಗ್ ಒಮ್ಮೆಲೇ ಹಗುರವಾಯಿತು. ಒಂದೆರಡು ಕ್ಷಣ ಚಕ್ರಗಳು ನನ್ನ ಮಾತನ್ನು ಕೇಳಲೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ಪತ್ನಿ ಏನೂ ಅನ್ನಲಿಲ್ಲ, ಆದರೆ ಅಂದಿನಿಂದ ಮಳೆ ಬಂದರೆ ಮೇಲಿನ ಹಿಡಿಯನ್ನು ಬಿಡುವುದಿಲ್ಲ.

ಆದ್ದರಿಂದ ಈ ಸಲ ಮೃಗಶಿರ ಮಳೆ ಹಿಡಿಯುವ ಮೊದಲೇ ಟೈರು ಬದಲಿಸಬೇಕೆಂದಿದ್ದೇನೆ. ನಿನ್ನೆ ಒಂದು ಅಂಗಡಿಯಲ್ಲಿ ವಿದೇಶದಿಂದ ತರಿಸಿದ, ಸ್ವಲ್ಪವೇ ಬಳಸಿದ ನಾಲ್ಕು ಟೈರುಗಳನ್ನು ತೋರಿಸಿ, ಇವು ಮಳೆಗೆಂದೇ ಮಾಡಿದವು ಎಂದರು. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಬಟನ್ (ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು) ನೋಡಿದರೆ ನಿಜಕ್ಕೂ ಆಳವಾಗಿದೆ, ಪ್ರತಿಯೊಂದು ಬಟನ್ನಿನ ಮೇಲೂ ಬ್ಲೇಡಿನಿಂದ ಕೊಯ್ದಂತಹ ಸಣ್ಣ ಸೀಳುಗಳಿವೆ. ಟೈರಿನ ಬದಿಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರವಿದೆ. ಇದನ್ನು ತೆಗೆದುಕೊಳ್ಳಬಹುದೇ?

ಪೆರ್ಲದವಳು, ಈಗ ಮ್ಯೂನಿಕ್ (ಮೇ 9)

ಮಾಷ್ಟ್ರೇ, ದಯವಿಟ್ಟು ತೆಗೆದುಕೊಳ್ಳಬೇಡಿ. ನೀವು ನೋಡಿದ್ದು ಮಳೆಯ ಟೈರಲ್ಲ, ಚಳಿಗಾಲದ ಟೈರು. ಮೂರು ಶಿಖರ ಮತ್ತು ಹಿಮದ ಹರಳಿನ ಆ ಗುರುತು, ಟೈರು ಹಿಮದ ಮೇಲಿನ ಹಿಡಿತದ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಮಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಾನು ಇಲ್ಲಿ ಆರು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲಿ ಇಂತಹ ಟೈರು ಹಾಕಿಸಿ, ಈಸ್ಟರ್ ಹೊತ್ತಿಗೆ ತೆಗೆಸುತ್ತೇನೆ. ಅಕ್ಟೋಬರಿನ ಮತ್ತು ಈಸ್ಟರಿನ ಜರ್ಮನ್ ಹೆಸರುಗಳೆರಡೂ 'ಓ' ಅಕ್ಷರದಿಂದ ಶುರುವಾಗುವುದರಿಂದ 'ಓ ಇಂದ ಓ ವರೆಗೆ' ಎಂದು ಇಲ್ಲಿಯವರು ನೆನಪಿಟ್ಟುಕೊಳ್ಳುತ್ತಾರೆ.

ಇಲ್ಲಿ ಅದು ಏಕೆ ಬೇಕು ಎಂಬುದನ್ನು ತಿಳಿದರೆ ನಮ್ಮೂರಿಗೆ ಏಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗತೊಡಗುತ್ತದೆ. ಬಿಗಿಯಾದ ರಬ್ಬರು ರಸ್ತೆಯ ತರಿತರಿಯನ್ನು ಅಪ್ಪಿ ಹಿಡಿಯಲಾರದು. ಚಳಿಗಾಲದ ಟೈರಿನ ರಬ್ಬರು ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಮೆತ್ತಗಿರುವಂತೆ ಬೆರಕೆ ಮಾಡಿದ್ದು. ಆ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುವುದಕ್ಕಿವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದರಿಂದ, ಸೀಳಿನಲ್ಲಿ ಕುಳಿತ ಹಿಮವೇ ಹಿಡಿತ ಕೊಡುತ್ತದೆ. ನೀರ್ಚಾಲಿನಲ್ಲಿ ಕಡು ಮಳೆಗಾಲದ ರಾತ್ರಿಯಲ್ಲೂ 20 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಆ ಸೆಖೆಯಲ್ಲಿ ಮೆತ್ತಗಿನ ಬಟನ್‌ಗಳು ಬ್ರೇಕ್ ಒತ್ತಿದಾಗ ಅತ್ತಿತ್ತ ಬಾಗುತ್ತವೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಬೇಸಿಗೆಯಲ್ಲಂತೂ ಡಾಂಬರಿನ ಮೇಲೆ ಪೆನ್ಸಿಲಿನ ರಬ್ಬರಿನಂತೆ ಸವೆದು ಹೋಗುತ್ತದೆ.

ಇಲ್ಲಿ ಕಾನೂನು ಸಹ ಇದೆ. ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇರುವಾಗ ಚಳಿಗಾಲದ ಟೈರು ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಚಾಲಕನ ದಾಖಲೆಯಲ್ಲಿ ಒಂದು ಅಂಕ. ಮೊದಲು 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂಬ ಗುರುತಿದ್ದರೂ ಸಾಕಾಗುತ್ತಿತ್ತು. ಅದನ್ನು ಪರೀಕ್ಷೆಯಿಲ್ಲದೆ ತಯಾರಕರೇ ಹಾಕಿಕೊಳ್ಳಬಹುದಾಗಿದ್ದ ಕಾರಣ, 2018ರಿಂದ ತಯಾರಾದ ಟೈರುಗಳಿಗೆ ಬೆಟ್ಟ ಮತ್ತು ಹರಳಿನ ಗುರುತನ್ನೇ ಕಡ್ಡಾಯ ಮಾಡಿದರು. ಹಳೆಯ ಗುರುತಿನವುಗಳಿಗೆ ಕೊಟ್ಟಿದ್ದ ವಿನಾಯಿತಿಯೂ 2024ರ ಸೆಪ್ಟೆಂಬರಿಗೆ ಮುಗಿಯಿತು. ಹೀಗೆ ಇಲ್ಲಿ ಮೂಲೆಗೆ ಬಿದ್ದ ಟೈರು ಬೇರೆ ಕಡೆ 'ಮಳೆ ಟೈರು' ಎಂಬ ಹೆಸರಿನಲ್ಲಿ ಮಾರಾಟವಾಗುವುದನ್ನು ಕೇಳಿ ನನಗೆ ನಿಜವಾಗಿಯೂ ಬೇಸರವಾಯಿತು.

ಮುಳ್ಳೇರಿಯ ಟ್ಯಾಕ್ಸಿ (ಮೇ 9)

ಅಕ್ಕ ಹೇಳಿದ್ದನ್ನು ಗೌರವದಿಂದ ಓದಿದೆ, ಆದರೆ ನನ್ನ ಅನುಭವ ಸ್ವಲ್ಪ ಬೇರೆ. ಇಪ್ಪತ್ತೆರಡು ವರ್ಷಗಳಿಂದ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದೇನೆ, ಸುಳ್ಯ ದಾಟಿ ಮಡಿಕೇರಿಗೂ ಬಾಡಿಗೆ ಹೋಗುತ್ತೇನೆ. ಮಳೆಯಲ್ಲಿ ಬೇಕಾದದ್ದು ಆಳವಾದ ಬಟನ್. ಆಳವಿದ್ದ ಮೇಲೆ ಅದರ ಮೇಲೆ ಯಾವ ಚಿತ್ರವಿದ್ದರೂ ಒಂದೇ ಎಂಬುದು ನನ್ನ ಅಭಿಪ್ರಾಯ. ಬಡವರಿಗೆ ನಾಲ್ಕು ಹೊಸ ಟೈರು ಒಟ್ಟಿಗೆ ತೆಗೆಯುವುದು ಸಣ್ಣ ಮಾತಲ್ಲ. ಇನ್ನೊಂದು ವಿಷಯ: ಜೂನ್ ಬಂದೊಡನೆ ನಾನು ಗಾಳಿಯನ್ನು 32ರಿಂದ 26 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸುತ್ತೇನೆ. ಟೈರು ಸ್ವಲ್ಪ ಅಗಲವಾಗಿ ನೆಲಕ್ಕೆ ಕೂತರೆ ಹಿಡಿತ ಜಾಸ್ತಿ. ಮಾಷ್ಟ್ರು ಇದನ್ನೂ ಮಾಡಿ ನೋಡಬಹುದು.

ಉಪ್ಪಳದ ಟೈರ್ ಅಂಗಡಿ (ಮೇ 10)

ಟ್ಯಾಕ್ಸಿ ಅಣ್ಣ ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧ ಸರಿ, ಎರಡನೆಯದು ಅಪಾಯಕಾರಿ. ನಾನು ದಿನವೂ ಟೈರು ಬಿಚ್ಚಿ ಹಾಕುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ಟೈರಿನ ಸುತ್ತ ಉದ್ದಕ್ಕೆ ಹೋಗುವ ದೊಡ್ಡ ಗೀರುಗಳನ್ನು ಅಡಿಕೆ ತೋಟದ ಕಣಿಗಳೆಂದು ತಿಳಿಯಿರಿ. ಮಳೆಗಾಲಕ್ಕೆ ಮೊದಲು ತೋಟದ ಕಣಿಯನ್ನು ನಾವು ಏಕೆ ಬಿಡಿಸುತ್ತೇವೆ? ನೀರು ಬುಡದಲ್ಲಿ ನಿಲ್ಲದೆ ಹರಿದು ಹೋಗಲಿ ಎಂದು. ಟೈರಿನ ಕಣಿಗೂ ಅದೇ ಕೆಲಸ. ಹೊಸ ಕಾರ್ ಟೈರಿನಲ್ಲಿ ಈ ಕಣಿ ಸುಮಾರು 7ರಿಂದ 8 ಮಿ.ಮೀ. ಆಳವಿರುತ್ತದೆ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಕಾರಿನ ಟೈರು 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು, ಆ ಮಟ್ಟವನ್ನು ತೋರಿಸಲು ಕಣಿಯ ತಳದಲ್ಲೇ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಬದಿಯಲ್ಲಿ 'ಟಿಡಬ್ಲ್ಯುಐ' ಎಂದೋ ಸಣ್ಣ ತ್ರಿಕೋನವೋ ಇರುವ ಕಡೆ ನೇರ ಮೇಲೆ ನೋಡಿದರೆ ದಿಬ್ಬ ಕಾಣುತ್ತದೆ. ಆದರೆ 1.6 ಎನ್ನುವುದು ಕಾನೂನಿನ ಕೊನೆಯ ಗೆರೆ; ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಆ ಗೆರೆಯವರೆಗೆ ಕಾಯುವುದು ಸರಿಯಲ್ಲ. ಮೇ ತಿಂಗಳಲ್ಲಿ ಅಳೆದಾಗ 3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಮಳೆಗೆ ಮೊದಲೇ ಬದಲಿಸಿ ಎಂದು ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ವ್ಯಾಪಾರಕ್ಕಾಗಿ ಹೇಳುತ್ತಾನೆ ಎಂದು ಕೆಲವರು ಭಾವಿಸುತ್ತಾರೆ. ಭಾವಿಸಲಿ, ಜುಲೈಯಲ್ಲಿ ಕ್ರೇನಿನಲ್ಲಿ ಎತ್ತಿ ತಂದ ಗಾಡಿಗಳ ಬೋಳು ಟೈರುಗಳನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದ್ದೇನೆ.

ಆಳ ಒಂದಿದ್ದರೆ ಸಾಕು ಎನ್ನುವುದು ಅರ್ಧ ಸರಿ ಎಂದದ್ದು ಇದಕ್ಕೆ: ಕಣಿಯು ನೀರನ್ನು ಆಚೆ ಹಾಕುತ್ತದೆ, ಆಮೇಲೆ ಒದ್ದೆ ಡಾಂಬರನ್ನು ಹಿಡಿಯಬೇಕಾದದ್ದು ರಬ್ಬರು. ಆ ರಬ್ಬರು ನಮ್ಮ ಸೆಖೆಗೆ ತಕ್ಕದ್ದಲ್ಲದಿದ್ದರೆ, ಅಥವಾ ಹಳತಾಗಿ ಒಣಗಿದ್ದರೆ, ಆಳವಿದ್ದೂ ಪ್ರಯೋಜನವಿಲ್ಲ. ಮಾಷ್ಟ್ರು ಒಂದು ಕೆಲಸ ಮಾಡಬೇಕು. ಆ ಟೈರಿನ ಬದಿಯಲ್ಲಿ 'ಡಾಟ್' ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಉದಾಹರಣೆಗೆ 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದದ್ದನ್ನು ಬಟನ್ ಎಷ್ಟೇ ಇದ್ದರೂ ತೆಗೆಯಬೇಕು ಎಂದು ಹಲವು ತಯಾರಕರೇ ಹೇಳುತ್ತಾರೆ. ಹಾಗೆಯೇ ಐಎಸ್‌ಐ ಗುರುತು ಇದೆಯೇ ನೋಡಿ. ನಮ್ಮ ದೇಶದಲ್ಲಿ ಮಾರುವ ಕಾರ್ ಟೈರಿಗೆ ಐಎಸ್ 15633 ಎಂಬ ಮಾನದಂಡದ ಗುರುತು ಬೇಕು. ಅದಲ್ಲದೆ 2020ರ ಜೂನ್‌ನಲ್ಲಿ ಕೇಂದ್ರ ಸರಕಾರವು ಹೊಸ ಟೈರುಗಳ ಆಮದನ್ನೇ ನಿರ್ಬಂಧಿತ ಪಟ್ಟಿಗೆ ಸೇರಿಸಿದೆ. ಹಾಗಿರುವಾಗ ಬಳಸಿದ ವಿದೇಶಿ ಟೈರು ಯಾವ ದಾರಿಯಲ್ಲಿ ಬಂತೆಂದು ಕೇಳಿ, ಬಿಲ್ ಸಹಿತ ಕೊಡುತ್ತಾರೆಯೇ ಎಂದೂ ಕೇಳಿ.

ಗಾಳಿಯ ವಿಷಯ. ಗಾಳಿ ಇಳಿಸಿದರೆ ಟೈರಿನ ಎರಡು ಅಂಚುಗಳು ನೆಲಕ್ಕೆ ಒತ್ತುತ್ತವೆ, ನಡುಭಾಗ ಸಡಿಲವಾಗಿ ಒಳಕ್ಕೆ ಹೋಗುತ್ತದೆ. ಕಣಿಗಳ ಬಾಯಿ ಕಿರಿದಾಗುತ್ತದೆ. ಸಮುದ್ರ ತೀರದ ಹೊಯ್ಗೆಯಲ್ಲಿ ಹೂತ ಗಾಡಿಗೆ ಗಾಳಿ ಇಳಿಸುವುದು ಸರಿ, ನೀರಿಗೆ ಅದು ಸಲ್ಲದು. ಚಾಲಕನ ಬಾಗಿಲು ತೆರೆದಾಗ ಕಂಬದಲ್ಲಿ ಕಾಣುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಗಾಳಿ ಇರಲಿ, ಬೆಳಗ್ಗೆ ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಿ.

ಕಾಸರಗೋಡು, ಭೌತಶಾಸ್ತ್ರ ಅಧ್ಯಾಪಕಿ (ಮೇ 10)

ಉಪ್ಪಳದವರ ಕಣಿಯ ಹೋಲಿಕೆ ಬಹಳ ಸರಿಯಾಗಿದೆ. ಲೆಕ್ಕ ಹಾಕಿ ನೋಡಿದರೆ ಅದರ ತೂಕ ಇನ್ನಷ್ಟು ತಿಳಿಯುತ್ತದೆ. ಮಾಷ್ಟ್ರ ಕಾರಿನ ಟೈರು ನೆಲಕ್ಕೆ ತಾಗುವ ಅಗಲವನ್ನು ಸುಮಾರು 16 ಸೆಂ.ಮೀ. ಎಂದು ಇಟ್ಟುಕೊಳ್ಳೋಣ, ರಸ್ತೆಯಲ್ಲಿ 3 ಮಿ.ಮೀ. ನೀರು ನಿಂತಿದೆ ಎನ್ನೋಣ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಮುಂದಿನ ಒಂದೊಂದು ಚಕ್ರವೂ ಪ್ರತಿ ಸೆಕೆಂಡಿಗೆ ಹತ್ತು ಲೀಟರಿಗೂ ಮಿಕ್ಕಿದ ನೀರನ್ನು, ಸುಮಾರು ಒಂದು ಕೊಡಪಾನದಷ್ಟನ್ನು, ತನ್ನ ಅಡಿಯಿಂದ ತಳ್ಳಬೇಕು. ವೇಗವನ್ನು 50ಕ್ಕೆ ಇಳಿಸಿದರೆ ಅದು ಏಳು ಲೀಟರಿಗಿಂತ ಕೆಳಗೆ ಬರುತ್ತದೆ. ತಳ್ಳಲಾಗದೆ ಉಳಿದ ನೀರು ಟೈರಿನ ಮುಂದೆ ಬೆಣೆಯಂತೆ ಒಟ್ಟಾಗಿ, ಅದರ ಒತ್ತಡ ಟೈರನ್ನು ನೆಲದಿಂದ ಎತ್ತುತ್ತದೆ. ಮಾಷ್ಟ್ರಿಗೆ ಸ್ಟೀರಿಂಗ್ ಹಗುರವೆನಿಸಿದ್ದು ಆ ಕ್ಷಣದಲ್ಲಿ.

ಗಾಳಿಯ ಒತ್ತಡಕ್ಕೂ, ಟೈರು ಹೀಗೆ ನೀರಿನ ಮೇಲೆ ತೇಲತೊಡಗುವ ವೇಗಕ್ಕೂ ಇರುವ ಸಂಬಂಧವನ್ನು ನಾಸಾದವರು 1960ರ ದಶಕದಲ್ಲೇ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡಿದ್ದಾರೆ: ತೇಲುವ ವೇಗವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಸೂತ್ರದಲ್ಲಿ 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿ.ಮೀ., 26 ಪಿಎಸ್‌ಐಗೆ ಸುಮಾರು 85 ಕಿ.ಮೀ. ಬರುತ್ತದೆ. ಕಾರಿನ ಸವೆದ ಟೈರು ಇದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದಾದ್ದರಿಂದ ಈ ಅಂಕೆಗಳನ್ನು ಸುರಕ್ಷಿತ ಮಿತಿ ಎಂದು ಯಾರೂ ತಿಳಿಯಬಾರದು. ಗಾಳಿ ಇಳಿಸಿದಷ್ಟೂ ಬೇಗ ತೇಲುತ್ತದೆ ಎಂಬುದನ್ನು ತೋರಿಸಲಷ್ಟೇ ಬರೆದೆ.

ತೇಲಿದಾಗ ಬ್ರೇಕನ್ನು ಒಮ್ಮೆಲೇ ಒತ್ತದೆ, ಸ್ಟೀರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದಿರಬೇಕು. ವೇಗ ಇಳಿದಂತೆ ಟೈರು ತಾನಾಗಿ ನೆಲ ಮುಟ್ಟುತ್ತದೆ.

ಮುಳ್ಳೇರಿಯ ಟ್ಯಾಕ್ಸಿ (ಮೇ 10)

ಗಾಳಿಯ ವಿಷಯ ಒಪ್ಪಿದೆ, ಟೀಚರ್. ಹಿರಿಯ ಚಾಲಕರು ಹೇಳಿಕೊಟ್ಟದ್ದನ್ನು ಇಷ್ಟು ವರ್ಷ ಪ್ರಶ್ನಿಸದೆ ಮಾಡುತ್ತ ಬಂದಿದ್ದೆ. ನಾಳೆಯೇ 32 ಮಾಡಿಸುತ್ತೇನೆ.

ಬಂದಡ್ಕದ ರಬ್ಬರ್ ಕೃಷಿಕ (ಮೇ 11)

ಮ್ಯೂನಿಕ್‌ನ ತಂಗಿ ಹೇಳಿದ 'ಚಳಿಯಲ್ಲೂ ಮೆತ್ತಗಿರುವ ಬೆರಕೆ'ಯಲ್ಲಿ ನಮ್ಮ ಮರದ ಹಾಲಿನ ಪಾಲೂ ಇದೆ. ನೈಸರ್ಗಿಕ ರಬ್ಬರು ಸೊನ್ನೆಗಿಂತ 60 ಡಿಗ್ರಿ ಕೆಳಗೂ ಗಾಜಿನಂತೆ ಸೆಡೆಯದೆ ಇರಬಲ್ಲದು. ಆ ಗುಣಕ್ಕಾಗಿಯೇ ಚಳಿಗಾಲದ ಟೈರಿನ ಮೇಲ್ಪದರದಲ್ಲಿ ಅದನ್ನು ಸೇರಿಸುತ್ತಾರೆ. ಚಳಿಗಾಲಕ್ಕೆಂದೇ ಮೊದಲ ಟೈರನ್ನು 1934ರಲ್ಲಿ ಫಿನ್‌ಲೆಂಡಿನಲ್ಲಿ ಲಾರಿಗಳಿಗಾಗಿ ಮಾಡಿದರು. ಹಿಮವನ್ನೇ ಕಾಣದ ಮಲೆಯಲ್ಲಿ ಬೆಳಗಿನ ಜಾವ ಟಾರ್ಚ್ ಕಟ್ಟಿಕೊಂಡು ಟ್ಯಾಪಿಂಗ್ ಮಾಡಿದ ಹಾಲು ಅಂತಹ ಹಿಮದ ನಾಡಿನಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ.

ನೀರ್ಚಾಲು ಮಾಷ್ಟ್ರು (ಮೇ 12)

ಎಲ್ಲರಿಗೂ ಕೃತಜ್ಞತೆಗಳು. ಇಂದು ಮತ್ತೆ ಆ ಅಂಗಡಿಗೆ ಹೋಗಿ ಕನ್ನಡಕ ಹಾಕಿಕೊಂಡು ಓದಿದೆ. ಅಂಕೆ 3516, ಅಂದರೆ 2016ರ 35ನೇ ವಾರ. ನಾಲ್ಕರಲ್ಲಿ ಒಂದರ ಅಂಕೆ ಬೇರೆಯೇ ಇತ್ತು. ಐಎಸ್‌ಐ ಗುರುತು ಇರಲಿಲ್ಲ, ಬಿಲ್ ಕೇಳಿದಾಗ ಉತ್ತರವೂ ಬರಲಿಲ್ಲ. ಬಟನ್ನಿನ ಸೀಳುಗಳನ್ನು ಬಿಡಿಸಿ ನೋಡಿದರೆ ತಳದಲ್ಲಿ ಕೂದಲೆಳೆಯಂತಹ ಬಿರುಕುಗಳು ಕಾಣುತ್ತಿದ್ದವು. ಅರ್ಧ ಬೆಲೆಗೆ ಮನಸ್ಸು ಸೋತಿದ್ದ ನನ್ನನ್ನು ನೀವೆಲ್ಲ ತಡೆದಿರಿ.

ಈಗ ಇನ್ನೊಂದು ಪ್ರಶ್ನೆ. ನನ್ನ ಈಗಿನ ಟೈರುಗಳನ್ನು ಅಳೆಯಿಸಿದೆ. ಮುಂದಿನವು 2.1 ಮಿ.ಮೀ., ಮೂರು ವರ್ಷದ ಹಿಂದೆ ಹಾಕಿಸಿದ ಹಿಂದಿನವು 4.8 ಮಿ.ಮೀ. ಪಿಂಚಣಿಯಲ್ಲಿ ಔಷಧದ ಖರ್ಚೂ ಸೇರಿರುವುದರಿಂದ ಎರಡನ್ನೇ ಬದಲಿಸಬೇಕೆಂದಿದ್ದೇನೆ. ಎಂಜಿನ್ನಿನ ಎಳೆತ ಮುಂದಿನ ಚಕ್ರಕ್ಕೇ ಇರುವುದರಿಂದ ಹೊಸದನ್ನು ಮುಂದೆ ಹಾಕುವುದು ಸರಿಯಲ್ಲವೇ?

ಉಪ್ಪಳದ ಟೈರ್ ಅಂಗಡಿ (ಮೇ 12)

ಎರಡೇ ಸಾಕು ಮಾಷ್ಟ್ರೇ, 4.8 ಒಳ್ಳೆಯ ಆಳ. ಆದರೆ ಹೊಸದು ಹಿಂದಕ್ಕೆ ಹೋಗಬೇಕು, ಈಗ ಹಿಂದಿರುವುದು ಮುಂದಕ್ಕೆ ಬರಬೇಕು. ನೂರರಲ್ಲಿ ತೊಂಬತ್ತು ಜನ ಇದಕ್ಕೆ ಒಪ್ಪುವುದಿಲ್ಲ, ಅದಕ್ಕಾಗಿ ಕಾರಣ ಹೇಳುತ್ತೇನೆ. ನೀರಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಚಾಲಕನಿಗೆ ಅದು ಕೈಯಲ್ಲೇ ತಿಳಿಯುತ್ತದೆ, ಕಾಲು ತೆಗೆದರೆ ಹೆಚ್ಚಿನ ಸಲ ಸರಿಯಾಗುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಹಿಂಭಾಗವೇ ಮುಂದಕ್ಕೆ ಬಂದು ಗಾಡಿ ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಅನುಭವಿ ಚಾಲಕರಿಗೂ ಕಷ್ಟ.

ಅಳತೆಯ ಮುಂದೆ ಬರೆದಿರುವ ಭಾರದ ಅಂಕೆಯನ್ನೂ ಬಿಡಬೇಡಿ. ನಿಮ್ಮದರಲ್ಲಿ 88 ಎಚ್ ಎಂದಿದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗವನ್ನು ತಾಳುತ್ತದೆ ಎಂದರ್ಥ. ಹೊಸದು ಅದಕ್ಕಿಂತ ಕಡಿಮೆಯದಾಗಿರಬಾರದು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಇನ್ನೊಂದು: ಮಳೆ ಬರುವ ಮೊದಲೇ ಹಾಕಿಸಿ. ಅಚ್ಚಿನಿಂದ ಟೈರು ಬಿಡಿಸಲು ಹಚ್ಚಿದ ಜಾರುವ ಪದಾರ್ಥ ಹೊಸ ಟೈರಿನ ಮೇಲೆ ಉಳಿದಿರುತ್ತದೆ, ಮೊದಲ ಕೆಲವು ನೂರು ಕಿ.ಮೀ. ಒಣ ರಸ್ತೆಯಲ್ಲಿ ನಿಧಾನವಾಗಿ ಓಡಿದರೆ ಅದು ಸವೆದು ಹೋಗುತ್ತದೆ. ಕೊಳೆರೋಗ ಕಂಡ ಮೇಲೆ ಅಡಿಕೆಗೆ ಮದ್ದು ಬಿಟ್ಟ ಹಾಗೆ ಆಗಬಾರದು.

ಬಾಯಾರಿನ ಕೃಷಿಕ (ಮೇ 13)

ಹೆದ್ದಾರಿಯ ಮಾತು ತಿಳಿಯಿತು. ನನ್ನ ಕಷ್ಟ ಮನೆಯ ದಾರಿಯಲ್ಲಿದೆ. ನಮ್ಮ ಮನೆಗೆ ಇಳಿಯುವ ಕಾಂಕ್ರೀಟು ರಸ್ತೆ ಕಡಿದಾದ ಇಳುಕಲು, ಎರಡು ಬದಿಯಲ್ಲೂ ಮರಗಳ ನೆರಳು. ಜುಲೈ ಹೊತ್ತಿಗೆ ಹಾವಸೆ ಹಿಡಿದು ಮನುಷ್ಯರೇ ಗೋಡೆ ಹಿಡಿದು ನಡೆಯಬೇಕು. ಮಂಜುಗಡ್ಡೆಯ ಮೇಲೆ ಹೋಗುವ ಟೈರು ಹಾವಸೆಯ ಮೇಲಾದರೂ ಹೋಗಲಿಕ್ಕಿಲ್ಲವೇ?

ಪೆರ್ಲದವಳು, ಈಗ ಮ್ಯೂನಿಕ್ (ಮೇ 13)

ಅಣ್ಣಾ, ನಮ್ಮ ತರವಾಡು ಮನೆಯ ದಾರಿಯೂ ಹಾಗೆಯೇ ಇದ್ದುದರಿಂದ ನಿಮ್ಮ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ಚಳಿಗಾಲದ ಟೈರಿಗೂ ಹಿಡಿತ ಬಹಳ ಕಡಿಮೆ. ಉತ್ತರದ ಸ್ವೀಡನ್, ಫಿನ್‌ಲೆಂಡುಗಳಲ್ಲಿ ಅದಕ್ಕಾಗಿಯೇ ಟೈರಿಗೆ ಲೋಹದ ಮೊಳೆಗಳನ್ನು ಕೂರಿಸುತ್ತಾರೆ, ಜರ್ಮನಿಯಲ್ಲಿ ಅವು ರಸ್ತೆಯನ್ನು ಕೆರೆಯುತ್ತವೆ ಎಂದು ನಿಷೇಧಿಸಲಾಗಿದೆ. ಕಡಿದಾದ ಬೆಟ್ಟದ ದಾರಿಗಳಲ್ಲಿ ನಾವು ಚಕ್ರಕ್ಕೆ ಸರಪಳಿ ಕಟ್ಟಿ ಗಂಟೆಗೆ 50 ಕಿ.ಮೀ. ಮೀರದಂತೆ ಹೋಗುತ್ತೇವೆ. ಹಾವಸೆಯು ರಸ್ತೆಗೂ ರಬ್ಬರಿಗೂ ನಡುವೆ ಲೋಳೆಯ ಪದರವಾಗಿ ನಿಲ್ಲುತ್ತದೆ. ಅದನ್ನು ತೆಗೆಯುವುದೇ ಮದ್ದು, ಯಾವ ಟೈರೂ ಅಲ್ಲ.

ಮುಳ್ಳೇರಿಯ ಟ್ಯಾಕ್ಸಿ (ಮೇ 13)

ಈ ವಿಷಯದಲ್ಲಿ ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಬಾಡಿಗೆಯ ಗಾಡಿ ಇಂತಹ ಎಲ್ಲ ಮನೆಗಳ ಅಂಗಳಕ್ಕೂ ಹೋಗಬೇಕಾಗುತ್ತದೆ. ಮಳೆ ಬಿಟ್ಟ ದಿನ ಬ್ಲೀಚಿಂಗ್ ಪುಡಿ ಹಾಕಿ, ಕಡ್ಡಿ ಹಿಡಿಸೂಡಿಯಿಂದ ತಿಕ್ಕಿ ತೊಳೆಯಿರಿ. ಚಕ್ರ ಹೋಗುವ ಎರಡು ಪಟ್ಟಿಯಷ್ಟೇ ತೊಳೆದರೂ ಸಾಕು. ನೀರು ತೋಟಕ್ಕೋ ಬಾವಿಗೋ ಹರಿಯದಂತೆ ನೋಡಿಕೊಳ್ಳಿ. ರಸ್ತೆಯ ಮೇಲೆ ಬಾಗಿದ ಗೆಲ್ಲುಗಳನ್ನು ಕಡಿದರೆ ಬಿಸಿಲು ಬಿದ್ದು ಹಾವಸೆ ಹಿಡಿಯುವುದೇ ಕಡಿಮೆಯಾಗುತ್ತದೆ. ಮುಂದಿನ ಸಲ ಕಾಂಕ್ರೀಟು ಹಾಕುವಾಗ ಹಸಿಯಿರುವಾಗಲೇ ಅಡ್ಡಕ್ಕೆ ಗೆರೆ ಎಳೆಯಲು ಹೇಳಿ. ಏರು ಹತ್ತುವಾಗ ಒಂದನೇ ಗೇರಿನಲ್ಲಿ ನಡುವೆ ನಿಲ್ಲದೆ ಒಂದೇ ಸಮ ಹೋಗಬೇಕು. ಮುಂದಿನ ಚಕ್ರ ಎಳೆಯುವ ಕಾರು ಹತ್ತಲೇ ಇಲ್ಲವಾದರೆ ತಿರುಗಿಸಿ ಹಿಮ್ಮುಖವಾಗಿ ಹತ್ತಿಸಿ. ಏರಿನಲ್ಲಿ ಭಾರ ಹೆಚ್ಚಾಗಿ ಕೆಳಗಿನ ಚಕ್ರಗಳ ಮೇಲೆ ಬೀಳುವುದರಿಂದ, ಎಳೆಯುವ ಚಕ್ರ ಕೆಳಗಿದ್ದರೆ ಅದಕ್ಕೆ ಹಿಡಿತ ಸಿಗುತ್ತದೆ.

ಬಾಯಾರಿನ ಕೃಷಿಕ (ಮೇ 14)

ಹಿಮ್ಮುಖವಾಗಿ ಹತ್ತಿಸುವುದು ಇಷ್ಟು ವರ್ಷ ಹೊಳೆದಿರಲಿಲ್ಲ. ಗೆಲ್ಲು ಕಡಿಯಲು ಆಳು ಹೇಳಿದ್ದೇನೆ.

ನೀರ್ಚಾಲು ಮಾಷ್ಟ್ರು (ಜುಲೈ 19)

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಸಲಹೆ ಕೊಟ್ಟವರಿಗೆ ಫಲವನ್ನು ತಿಳಿಸದಿರುವುದು ಸರಿಯಲ್ಲ. ಮೇ 16ರಂದು ಎರಡು ಹೊಸ ಟೈರುಗಳನ್ನು ಹಿಂದೆ ಹಾಕಿಸಿ, ಹಳೆಯ ಹಿಂದಿನವನ್ನು ಮುಂದಕ್ಕೆ ತಂದು, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿದೆ. ಮಳೆ ಬರುವ ಮೊದಲು ಒಣ ರಸ್ತೆಯಲ್ಲಿ 500 ಕಿ.ಮೀ. ಓಡಿಸಲು ಸಾಧ್ಯವಾಯಿತು. ಪ್ರತಿ ಸೋಮವಾರ ಬೆಳಗ್ಗೆ ಗಾಳಿ ನೋಡುತ್ತೇನೆ. ಒಂದು ಟೈರಿನಲ್ಲಿ ವಾರಕ್ಕೆ ಎರಡು ಪಿಎಸ್‌ಐ ಇಳಿಯುತ್ತಿದ್ದುದನ್ನು ಕಂಡು ಬಿಚ್ಚಿಸಿದಾಗ ಸಣ್ಣ ಮೊಳೆ ಸಿಕ್ಕಿತು.

ಮೊನ್ನೆ ಪುನರ್ವಸು ಮಳೆ ಜೋರಾಗಿ ಹೊಯ್ಯುತ್ತಿದ್ದಾಗ ಕಳೆದ ವರ್ಷ ತೇಲಿದ ಅದೇ ಜಾಗದಲ್ಲಿ ನೀರು ನಿಂತಿತ್ತು. ದೂರದಿಂದಲೇ ವೇಗವನ್ನು 50ಕ್ಕೆ ಇಳಿಸಿದೆ. ಟೈರಿನ ಎರಡು ಬದಿಗೆ ನೀರು ಚಿಮ್ಮುವ ಸದ್ದು ಕೇಳಿಸಿತು, ಸ್ಟೀರಿಂಗ್ ಕೊನೆಯವರೆಗೂ ಭಾರವಾಗಿಯೇ ಇತ್ತು. ಮಂಜೇಶ್ವರ ದಾಟುವಾಗ ನೋಡಿದರೆ ಪತ್ನಿಯ ಎರಡು ಕೈಗಳೂ ಮಡಿಲಲ್ಲಿದ್ದವು.